ಅದೇ ಊರಿಗೆ ಮತ್ಯಾಕ ಹೊಂಟೀರಿ?

ಮನೆಯಲ್ಲಿ ಹೆಂಡತಿ ಕೇಳಿದ್ದು ಇದನ್ನೇ. "ಅಲ್ರೀ, ಹೋದ ಸಲ ಒಂಬೈನೂರು ಫೋಟೋ ಹೊಡ್ಕೊಂಡು ಬಂದೀರಿ, ಒಂದರ ಗ್ವಾಡಿಗೆ ಹಾಕೀರೇನು? ಅದೇ ಊರಿಗೆ ಮತ್ಯಾಕ ಹೊಂಟೀರಿ?"

ಉತ್ತರ ಕೊಡಲು ಆಗಲಿಲ್ಲ. ಅವಳು ಹೇಳಿದ್ದು ಖರೇನೇ. 2015ರಲ್ಲಿ ಟೂರಿನವರ ಜೊತೆ ಚೆಕ್ ದೇಶದ ರಾಜಧಾನಿ ಪ್ರಾಗ್ ನೋಡಿದ್ದು ಒಂದೂವರೆ ದಿನ. ಗೈಡ್ ಛತ್ರಿ ಎತ್ತಿ ಓಡೋದು, ನಾವು ಹಿಂದೆ ಓಡೋದು. ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲಾ ಪೋಸ್ಟ್‌ಕಾರ್ಡು. ಅದೂ ಮಧ್ಯಾಹ್ನದ ಬಿಸಿಲಲ್ಲಿ ತೆಗೆದ, ಮುಂದೆ ಯಾರದೋ ತಲೆ ಬಂದಿರುವ ಪೋಸ್ಟ್‌ಕಾರ್ಡು.

ಗದಗಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಕುಬಸ, ಜವಳ, ಇದೇ ಕೆಲಸ. ನನಗೆ ಬಿಡುವು ಅಂತ ಸಿಗುವುದು ಆಷಾಢದಲ್ಲಿ, ಇಲ್ಲಾ ಧನುರ್ಮಾಸದಲ್ಲಿ. ಆಗ ಯಾರೂ ಮದುವೆ ಇಟ್ಟುಕೊಳ್ಳಲ್ಲ. ಮಗಳು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದಾಳೆ, ಅಲ್ಲಿಂದ ಪ್ರಾಗ್‌ಗೆ ರೈಲಿನಲ್ಲಿ ಎರಡೂವರೆ ತಾಸು, ಬಹುಪಾಲು ದಾರಿ ಹೊಳೆ ದಂಡೆಯ ಪಕ್ಕದಲ್ಲೇ. ಹಾಗಾಗಿ ಹೋದ ಜನವರಿಯಲ್ಲಿ ಎರಡನೇ ಸಲ ಹೋದೆ. ಐದು ದಿನ, ಒಂದು ಕ್ಯಾಮೆರಾ, ಒಂದೇ 50 ಎಂಎಂ ಲೆನ್ಸ್. ಜೂಮ್ ಬೇಕಂತಲೇ ಗದಗಿನಲ್ಲೇ ಬಿಟ್ಟೆ.

ಚಳಿಗಾಲದಲ್ಲಿ ಹೋಗುವವರಿಗೆ ಒಂದು ಮಾತು. ಅಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕೂಕಾಲಿಗೆ ಮುಳುಗಿಬಿಡುತ್ತಾನೆ. ಆದರೆ ದಿನವಿಡೀ ತಲೆ ಮೇಲೆ ಬರೋದೇ ಇಲ್ಲ, ಓರೆ ಬಿಸಿಲೇ. ನಮ್ಮಲ್ಲಿ ಸಂಜೆ ಐದಕ್ಕೆ ಅರ್ಧ ತಾಸು ಸಿಗುವ ಬೆಳಕು ಅಲ್ಲಿ ಊಟದ ಹೊತ್ತಿಗೂ ಸಿಗುತ್ತದೆ, ಮೋಡ ಇಲ್ಲದಿದ್ದರೆ. ನನಗೆ ಮೋಡ ಇಲ್ಲದೆ ಸಿಕ್ಕಿದ್ದು ಎರಡೇ ದಿನ. ಇನ್ನು ಥಂಡಿಗೆ ಬ್ಯಾಟರಿ ಭಾರೀ ಬೇಗ ಇಳಿಯುತ್ತದೆ. ಮೊದಲ ದಿನ ಫುಲ್ ಚಾರ್ಜ್ ಇದ್ದದ್ದು ಅರ್ಧ ತಾಸಿನಲ್ಲಿ ಕೆಂಪು ತೋರಿಸಿತು. "ಅಪ್ಪಾ, ಅದನ್ನ ಒಳಗಿನ ಕಿಸೆದಾಗ ಇಟ್ಕೋ" ಅಂದಳು ಮಗಳು. ಮೈ ಬಿಸಿಗೆ ಮತ್ತೆ ಜೀವ ಬಂತು. ಮೂವತ್ತು ವರ್ಷದಿಂದ ಕ್ಯಾಮೆರಾ ಹಿಡಿದವನಿಗೆ ಇದು ಗೊತ್ತಿರಲಿಲ್ಲ, ಗದಗಿನಲ್ಲಿ ಅಂಥ ಥಂಡಿ ಎಲ್ಲಿದೆ?

ಹಳೇ ಪೇಟೆಯ ಗಡಿಯಾರ 1410ರದು. ತಾಸಿಗೊಮ್ಮೆ ಅಸ್ಥಿಪಂಜರ ಹಗ್ಗ ಜಗ್ಗುತ್ತದೆ, ಮೇಲೆ ಕಿಟಕಿ ತೆರೆದು ಏಸುವಿನ ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ, ಕೊನೆಗೆ ಒಂದು ಹುಂಜ ಕೂಗುತ್ತದೆ. ಹೋದ ಸಲ ನಾನೂ ಕತ್ತು ಎತ್ತಿ ನಲವತ್ತು ಫೋಟೋ ಹೊಡೆದಿದ್ದೆ. ಈ ಸಲ ಗಡಿಯಾರಕ್ಕೆ ಬೆನ್ನು ಮಾಡಿ ನಿಂತೆ. ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ಹುಡುಗರು ಜೋಡಿಯನ್ನು ಹಿಡಿಯುತ್ತಾರೆ, ನಾನು ಹುಡುಗಿಯ ಅವ್ವನ ಮುಖ ಹಿಡಿಯುತ್ತೇನೆ. ಅದೇ ಲೆಕ್ಕ. ಆ ಹುಂಜದ ಕೂಗು ಕೇಳಿ ಇನ್ನೂರು ಜನ ಒಟ್ಟಿಗೆ "ಇಷ್ಟೇನಾ?" ಅನ್ನುವ ಮುಖ ಮಾಡಿದ್ದು ಬಹಳ ಚಂದ ಬಂದಿದೆ.

ಯೋಸೆಫ್ ಸುಡೆಕ್ ಎಂಬ ಹಳೇ ಫೋಟೋಗ್ರಾಫರ್‌ನ ಸ್ಟುಡಿಯೋಗೂ ಹೋಗಿದ್ದೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡು, ಉಳಿದ ಒಂದೇ ಕೈಯಲ್ಲಿ ಭಾರದ ಮರದ ಕ್ಯಾಮೆರಾ ಹೊತ್ತು ಇದೇ ಊರನ್ನು ಜೀವನವಿಡೀ ತೆಗೆದವನು. ಕ್ಯಾಸಲ್, ಅಂದರೆ ಈ ಊರಿನ ಕೋಟೆ, ಅದರೊಳಗಿನ ಸೇಂಟ್ ವೀಟಸ್ ಚರ್ಚಿನ ಕಟ್ಟಡ ಶುರುವಾಗಿದ್ದು 1344ರಲ್ಲಿ, ಮುಗಿದಿದ್ದು 1929ರಲ್ಲಿ. ಮುಗಿಯುವ ಮುಂಚೆ ಸುಡೆಕ್ ಒಳಗೆ ಹೋಗಿ ಕಲ್ಲಿನ ರಾಶಿ, ಹಲಗೆ, ಧೂಳಿನಲ್ಲಿ ಬೀಳುವ ಬಿಸಿಲು, ಇವನ್ನೆಲ್ಲ ತೆಗೆದ. ಆಮೇಲೆ 1940ರಿಂದ ಹತ್ತಾರು ವರ್ಷ ತನ್ನ ಕಿಟಕಿಯನ್ನೇ ತೆಗೆದ. ಮಂಜು ಕಟ್ಟಿದ ಗಾಜು, ಅದರಾಚೆ ಒಂದು ಸೊಟ್ಟ ಗಿಡ. ಅವನ ಸ್ಟುಡಿಯೋ ಅಂದರೆ ಅಂಗಳದಲ್ಲಿದ್ದ ಒಂದು ಮರದ ಶೆಡ್, ಅದು ಸುಟ್ಟುಹೋಗಿ ಈಗಿರುವುದು ಮತ್ತೆ ಕಟ್ಟಿದ್ದು. ನಮ್ಮ ಸ್ಟುಡಿಯೋದ ಡಾರ್ಕ್‌ರೂಮಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಅಲ್ಲಿ ನಾನು ಒಂದೂ ಫೋಟೋ ತೆಗೆಯಲಿಲ್ಲ. ಧೈರ್ಯ ಆಗಲಿಲ್ಲ ಅಂದರೂ ಸರಿ.

ಇನ್ನು ಚಾರ್ಲ್ಸ್ ಸೇತುವೆ. 1357ರಲ್ಲಿ ಶುರು ಮಾಡಿದ್ದು, ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ, ಎರಡೂ ಬದಿಗೆ ಸೇರಿ ಮೂವತ್ತು ಮೂರ್ತಿ. ಅದರಲ್ಲಿ ನೆಪೋಮುಕ್ ಎಂಬ ಸಂತನದು 1683ರಲ್ಲಿ ಇಟ್ಟದ್ದು. 1393ರಲ್ಲಿ ರಾಜ ಅವನನ್ನು ಇದೇ ಹೊಳೆಗೆ ಹಾಕಿಸಿದ. ಮೂರ್ತಿಯ ಕೆಳಗೆ ಎರಡು ಲೋಹದ ಫಲಕ, ಒಂದರಲ್ಲಿ ಅವನನ್ನು ಹೊಳೆಗೆ ಎತ್ತಿಹಾಕುವ ಚಿತ್ರ, ಇನ್ನೊಂದರಲ್ಲಿ ಒಂದು ನಾಯಿ. ಫಲಕ ಕರ್ರಗೆ, ಜನ ಮುಟ್ಟಿ ಮುಟ್ಟಿ ಸಂತ ಮತ್ತು ನಾಯಿ ಮಾತ್ರ ಬಂಗಾರದ ಹಾಗೆ ಥಳಥಳ. ನಮ್ಮ ಗುಡಿಗಳಲ್ಲಿ ಬಸವಣ್ಣನ ಬೆನ್ನು ಇರುತ್ತದಲ್ವಾ, ಹಾಗೆ. 2015ರಲ್ಲಿ ಅದರ ಮುಂದೆ ನಿಂತು ಸೆಲ್ಫಿ ತೆಗೆದು ಓಡಿದ್ದೆ. ಈ ಸಲ ಒಂದು ತಾಸು ಆ ನಾಯಿಯ ಎದುರು ಕೂತೆ. ಮೂರು ಅಡಿ ದೂರ, ಫೋಟೋದಲ್ಲಿ ಕೈಗಳು ಮಾತ್ರ. ಎಲ್ಲರೂ ಗ್ಲೌಸ್ ಹಾಕಿಕೊಂಡೇ ಮುಟ್ಟಿ ಹೋಗುತ್ತಿದ್ದರು. ಒಬ್ಬ ಮುದುಕಿ ನಿಂತು, ಚೀಲ ಕೆಳಗಿಟ್ಟು, ಹಲ್ಲಿನಿಂದ ಗ್ಲೌಸ್ ಎಳೆದು, ಬರಿಗೈಯಲ್ಲಿ ನಾಯಿಯ ತಲೆ ಸವರಿದಳು. ಐದು ದಿನದಲ್ಲಿ ನನಗೆ ಬೇಕಾಗಿದ್ದ ಫೋಟೋ ಅದೊಂದೇ.

ಕೊನೆಯ ದಿನ ಸೂರ್ಯ ಹುಟ್ಟುವ ಮುಂಚೆಯೇ ಸೇತುವೆ ಮೇಲಿದ್ದೆವು. ಮೊದಲ ಬಿಸಿಲು ಕ್ಯಾಸಲ್ ಮೇಲೆ ಬೀಳುವುದನ್ನು ಹಿಡಿಯಬೇಕು, ಖಾಲಿ ಸೇತುವೆ ಬೇಕು ಅಂತ. ಖಾಲಿ ಎಲ್ಲಿ? ನಾಲ್ಕು ಜೋಡಿ ಮದುವೆ ಡ್ರೆಸ್ಸಿನಲ್ಲಿ! "ಅಪ್ಪಾ, ನಿನ್ನ ಪಾರ್ಟಿ ಇಲ್ಲೂ ಬಂದಾರ ನೋಡು" ಅಂತ ಮಗಳು ಬಿದ್ದು ಬಿದ್ದು ನಕ್ಕಳು. ನಮ್ಮ ಹತ್ತಿರದ ಹುಡುಗಿ ಬಿಳಿ ಗೌನು, ಬರೀ ಭುಜ, ತುಟಿ ನೀಲಿ. ಫೋಟೋಗ್ರಾಫರ್ ಒಬ್ಬನೇ. ಜೋಡಿಯ ಬೆನ್ನಿಗೆ ಬಿಸಿಲು, ಮುಖ ಕಪ್ಪು, ಮುಖಕ್ಕೆ ಬೆಳಕು ತಿರುಗಿಸಲು ಮೂರ್ತಿಗೆ ಒರಗಿಸಿಟ್ಟ ರಿಫ್ಲೆಕ್ಟರ್ ಗಾಳಿಗೆ ಮೂರು ಸಲ ಬಿತ್ತು. ನೋಡಿಕೊಂಡು ಹೇಗೆ ಸುಮ್ನಿರೋದು? ಹೋಗಿ ಹಿಡಿದೆ. ಅವನು ಬಂಗಾರದ ಬದಿ ಇಟ್ಟಿದ್ದ, ಬಿಳಿ ಗೌನೆಲ್ಲ ಅರಿಷಿಣ ಹಚ್ಚಿದ ಹಾಗೆ ಕಾಣುತ್ತಿತ್ತು. ತಿರುಗಿಸಿ ಬೆಳ್ಳಿ ಬದಿ ಮಾಡಿದೆ. ಅವನು ಸ್ಕ್ರೀನ್ ನೋಡಿ, ನನ್ನ ನೋಡಿ, ಹೆಬ್ಬೆರಳು ಎತ್ತಿದ. ಹತ್ತು ನಿಮಿಷ ಹಿಡಿದು ನಿಂತಿದ್ದೆ. ನನ್ನ ಬೆನ್ನ ಹಿಂದೆ ಕ್ಯಾಸಲ್ ಕೆಂಪಾಗಿ, ಹಳದಿಯಾಗಿ, ಆಮೇಲೆ ಮಾಮೂಲಿ ಬಣ್ಣಕ್ಕೆ ಬಂದಿತ್ತು.

ಮಗಳು ಮೊಬೈಲಿನಲ್ಲಿ ತೆಗೆದಿದ್ದಳು. ಮಂಕಿ ಟೋಪಿ, ಮೂಗು ಕೆಂಪು, ಎದೆಗೆ ರಿಫ್ಲೆಕ್ಟರ್ ಅವಚಿಕೊಂಡು ನಿಂತ ನಾನು, ಹಿಂದೆ ಅಷ್ಟೂ ಬೆಳಕು. ಮನೆಗೆ ಬಂದು ತೋರಿಸಿದರೆ ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದಳು.

"ಅಷ್ಟ ದೂರ ಹೋಗಿ ಲೈಟ್ ಹಿಡಿಯೋ ಹುಡುಗನ ಕೆಲಸ ಮಾಡಿ ಬಂದೀರೇನು? ರೊಕ್ಕ ಏನರ ಕೊಟ್ರೋ, ಇಲ್ಲೋ?"