ಪ್ಲೇಟಿನಲ್ಲಿ ಸತ್ತ ಬ್ಯಾಕ್ಟೀರಿಯಾ ರಕ್ತದಲ್ಲೂ ಸಾಯುತ್ತಾ?

ನಾನು ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ರೋಗಿಯ ರಕ್ತ ಹಾಕಿದ ಕಲ್ಚರ್ ಬಾಟಲಿಗಳು ಸಾಮಾನ್ಯವಾಗಿ 5 ದಿನ ನಮ್ಮ ಯಂತ್ರದಲ್ಲಿರುತ್ತವೆ. ಬ್ಯಾಕ್ಟೀರಿಯಾ ಬೆಳೆದರೆ ಯಂತ್ರ ಕೂಗುತ್ತದೆ. ಗ್ರಾಂ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ನೋಡುವ ಪರೀಕ್ಷೆ) ನೋಡಿ ಮೊದಲು ವಾರ್ಡಿಗೆ ಫೋನ್. ಬರೆಯುವುದೆಲ್ಲ ಆಮೇಲೆ.

ನನ್ನ ಕೆಲಸ ಇದು ಅಂತ ಗೊತ್ತಾದರೆ ಜನ ಕೇಳೋದು ಒಂದೇ. ಬೆಳ್ಳುಳ್ಳಿ, ಅರಿಶಿನ ಬ್ಯಾಕ್ಟೀರಿಯಾ ಕೊಲ್ಲುತ್ತವೆ ಅಂತ ಸಂಶೋಧನೆಯೇ ಹೇಳುತ್ತಲ್ಲ, ರಕ್ತದ ಸೋಂಕಿಗೆ ಅದನ್ನೇ ಯಾಕೆ ಕೊಡಲ್ಲ?

ಆ ಸಂಶೋಧನೆ ಸುಳ್ಳಲ್ಲ. ಅಗರ್ ಪ್ಲೇಟ್ ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ. ಅದರ ಮೇಲೆ ಬ್ಯಾಕ್ಟೀರಿಯಾ ಹರಡಿ, ಗಿಡದ ಸಾರ ಅದ್ದಿದ ಡಿಸ್ಕ್ ಇಡುತ್ತಾರೆ. ಸುತ್ತ ಏನೂ ಬೆಳೆಯದ ಒಂದು ವೃತ್ತ ಉಳಿಯುತ್ತದೆ. ಆಂಟಿಬಯೋಟಿಕ್‌ಗೆ ನಾವೂ ದಿನಾ ಇದನ್ನೇ ಮಾಡುತ್ತೇವೆ. ಆದರೆ ಆಂಟಿಬಯೋಟಿಕ್‌ನ ವೃತ್ತ ಎಷ್ಟು ಮಿಲಿಮೀಟರ್ ಇರಬೇಕು ಅನ್ನೋದಕ್ಕೆ ಪಟ್ಟಿಯಿದೆ. ಔಷಧಿ ರಕ್ತದಲ್ಲಿ ಎಷ್ಟು ಸಿಗುತ್ತದೆ, ರೋಗಿಗಳು ಗುಣವಾದರಾ ಅಂತ ನೋಡಿ ಮಾಡಿದ ಪಟ್ಟಿ ಅದು. ಗಿಡದ ಸಾರಕ್ಕೆ ಅಂಥ ಪಟ್ಟಿಯಿಲ್ಲ. ವಿನೆಗರ್ ಇಟ್ಟರೂ ವೃತ್ತ ಬರುತ್ತದೆ. ಅದನ್ನು ಯಾರೂ ರಕ್ತನಾಳಕ್ಕೆ ಹಾಕಲ್ಲ ಅಲ್ವಾ?

ಹಾಗಾಗಿ ಈಗ ಯಾವ ವೃತ್ತ ಕಂಡರೂ ನನಗೆ ಮೊದಲು ಬರುವ ಪ್ರಶ್ನೆ: ಇದರಲ್ಲಿ ರಕ್ತಕ್ಕೆ ಎಷ್ಟು ತಲುಪುತ್ತದೆ? ಅರಿಶಿನದ ಕರ್ಕ್ಯುಮಿನ್ ತೀರಾ ಕಡಿಮೆ ತಲುಪುತ್ತದೆ. ಬೆಳ್ಳುಳ್ಳಿಯ ಆಲಿಸಿನ್ 1944ರಲ್ಲೇ ಪತ್ತೆಯಾಯಿತು, ಪ್ಲೇಟಿನ ಮೇಲೆ ಜೋರಾಗಿಯೇ ಇದೆ. ತಿಂದ ಮೇಲೆ ಮಾತ್ರ ರಕ್ತದಲ್ಲಿ ಹುಡುಕಿದರೆ ಸಿಗಲ್ಲ, ಅಷ್ಟು ಬೇಗ ಬೇರೆ ರೂಪಕ್ಕೆ ತಿರುಗಿಬಿಡುತ್ತದೆ. ಮರದರಿಶಿನದ ಬರ್ಬರಿನ್ ಹೆಚ್ಚಿನಂಶ ಕರುಳಲ್ಲೇ ಉಳಿಯುತ್ತದೆ. ಭೇದಿಗೆ ಅದನ್ನು ಬಳಸಿದ್ದರಲ್ಲಿ ಅರ್ಥವಿದೆ, ರಕ್ತದ ಸೋಂಕಿಗೆ ಅಲ್ಲ.

ಗಿಡಮೂಲಿಕೆ ಅಂದರೆ ಸುಮ್ನೆ ನಗುವ ಸಹೋದ್ಯೋಗಿಗಳೂ ಇದ್ದಾರೆ. ಅವರನ್ನೂ ನಾನು ಒಪ್ಪಲ್ಲ. ಮಲೇರಿಯಾ ಕೂಡ ರಕ್ತದ ಸೋಂಕೇ. ಅದಕ್ಕೆ ಆರ್ಟೆಮಿಸಿನಿನ್ ಸಿಕ್ಕಿದ್ದು ಚೀನಾದ ಹಳೆಯ ಮದ್ದಿನ ಗಿಡದಿಂದ, 1970ರ ದಶಕದಲ್ಲಿ. ಅದನ್ನು ಕಂಡುಹಿಡಿದ ಚೀನಾದ ವಿಜ್ಞಾನಿ ಟು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ತೀವ್ರ ಮಲೇರಿಯಾದಲ್ಲಿ ಇಂದು ಕೊಡುವುದು ಅದರಿಂದ ತಯಾರಾದ ಆರ್ಟೆಸುನೇಟ್ ಇಂಜೆಕ್ಷನ್. ಅದೇ ಗಿಡದ ಚಹಾ ಕುಡಿಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಲ್ಲ, ಲೋಟದಿಂದ ಲೋಟಕ್ಕೆ ಔಷಧಿಯ ಪ್ರಮಾಣ ಬದಲಾಗುತ್ತದೆ.

ಸೆಪ್ಸಿಸ್‌ಗೂ, ಅಂದರೆ ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಗಳೇ ಕೆಡುವ ಸ್ಥಿತಿಗೂ, ಒಂದು ಒಳ್ಳೆಯ ಪ್ರಯೋಗ ನಡೆದಿದೆ. ಚೀನಾದಲ್ಲಿ ಐದು ಗಿಡಮೂಲಿಕೆಗಳಿಂದ ತಯಾರಿಸುವ ಶುಯೆಬಿಜಿಂಗ್ ಇಂಜೆಕ್ಷನ್‌ನದು. 1,817 ರೋಗಿಗಳ ಆ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. 28 ದಿನಗಳೊಳಗೆ ಔಷಧಿ ಪಡೆದವರಲ್ಲಿ ಶೇ 18.8, ಪಡೆಯದವರಲ್ಲಿ ಶೇ 26.1 ಜನ ಸತ್ತಿದ್ದರು. ಸಣ್ಣ ವ್ಯತ್ಯಾಸವಲ್ಲ. ಆದರೆ ಎರಡೂ ಗುಂಪಿಗೆ ಸೆಪ್ಸಿಸ್‌ನ ಮಾಮೂಲಿ ಚಿಕಿತ್ಸೆ ನಡೆದೇ ಇತ್ತು. ಬೇರೆ ದೇಶಗಳಲ್ಲೂ ಇದೇ ಫಲಿತಾಂಶ ಬಂದರೆ ನನಗೆ ಖುಷಿಯೇ.

ಸೆಪ್ಸಿಸ್ ಜೋರಾಗಿ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಶಾಕ್‌ನಲ್ಲಿ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಬೇಕು. ಚಳಿ ನಡುಕ, ಏದುಸಿರು, ತಡವರಿಸುವ ಮಾತು ಕಂಡರೆ ಕಷಾಯ ಕುದಿಸುತ್ತಾ ಕೂರಬೇಡಿ. ಈಗಾಗಲೇ ಕುಡಿಸಿದ್ದರೆ ಡಾಕ್ಟರಿಗೆ ಹೇಳಿಬಿಡಿ, ಯಾವ ಗಿಡ, ಎಷ್ಟು ದಿನದಿಂದ ಅಂತ. ಕೆಲವು ಗಿಡಗಳಿಂದ ಲಿವರ್ ಏರುಪೇರಾಗುತ್ತದೆ. ಅದು ಗೊತ್ತಿಲ್ಲದಿದ್ದರೆ ರಿಪೋರ್ಟ್ ನೋಡಿದವರು ಸೋಂಕೇ ಲಿವರಿಗೆ ಹರಡಿದೆ ಅಂದುಕೊಳ್ಳಬಹುದು.