ಗಾಂಜಾ ಅಂಗಡಿಯ ಊರಲ್ಲಿ ಇನ್ನೂ ಒಳಗಿರುವವರು

ಊರಿಗೆ ಫೋನ್ ಮಾಡಿದಾಗೆಲ್ಲ ಮಾವ ಕೇಳುತ್ತಾರೆ, "ಅಲ್ಲಿ ಗಾಂಜಾ ಅಂಗಡೀಲೇ ಸಿಗುತ್ತಂತೆ, ಹೌದೇನಪ್ಪಾ?" ಹೌದು, ಸಿಗುತ್ತದೆ. ನಾನಿರುವ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2018ರಲ್ಲಿ ಜನರೇ ಓಟು ಹಾಕಿ ಒಪ್ಪಿದರು. 2019ರ ಡಿಸೆಂಬರ್ 1ಕ್ಕೆ ಇಲ್ಲಿನ ಆನ್ ಆರ್ಬರ್ ಊರಿನಲ್ಲಿ ಮಾರಾಟ ಶುರುವಾಯಿತು. ಈಗ ಆಫೀಸಿಗೆ ಹೋಗುವ ಹೆದ್ದಾರಿ ತುಂಬ ಇದರದ್ದೇ ಬೋರ್ಡುಗಳು. 21 ತುಂಬಿದೆ ಅಂತ ಕಾರ್ಡು ತೋರಿಸಿದರೆ ಸಾಕು, ತೂಗಿ ಕೊಟ್ಟು ಬಿಲ್ ಕೈಗಿಡುತ್ತಾರೆ, ಅದರಲ್ಲಿ ಸರ್ಕಾರದ ತೆರಿಗೆಯೂ ಇರುತ್ತದೆ.

ಇದೇ ರಾಜ್ಯದಲ್ಲಿ ಮೈಕಲ್ ಥಾಂಪ್ಸನ್ ಅನ್ನುವವರು ಮೂರು ಪೌಂಡ್ ಗಾಂಜಾ ಮಾರಿ ಸಿಕ್ಕಿಬಿದ್ದಿದ್ದರು. ಕೊಂಡವನು ಪೊಲೀಸರ ಕಡೆಯವನು. ಮನೆಯಲ್ಲಿ ಬಂದೂಕು ಸಿಕ್ಕವು, ಹಳೆಯ ಕೇಸುಗಳೂ ಇದ್ದವು, ಎಲ್ಲ ಸೇರಿ 40 ವರ್ಷಕ್ಕೂ ಜಾಸ್ತಿ ಶಿಕ್ಷೆ. ಹೊರಗೆ ಅಂಗಡಿಗಳು ವರ್ಷದಿಂದ ವ್ಯಾಪಾರ ಮಾಡುತ್ತಿದ್ದರೂ ಅವರು ಒಳಗೇ ಇದ್ದರು. ಗವರ್ನರ್ ಶಿಕ್ಷೆ ಇಳಿಸಿದ ಮೇಲೆ, 2021ರ ಜನವರಿಯಲ್ಲಿ ಬಿಡುಗಡೆ. 25 ವರ್ಷ ಹೋಗೇ ಹೋಯಿತು.

ಕಾನೂನು ಬದಲಾದರೆ ಒಳಗಿದ್ದವರನ್ನೂ ಬಿಡುತ್ತಾರೆ ಅಂತಲೇ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಹಳೆಯ ಶಿಕ್ಷೆ ತಾನಾಗಿ ರದ್ದಾಗುವುದಿಲ್ಲ. ಅದೂ ಅಲ್ಲದೆ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಗಾಂಜಾ ಇವತ್ತಿಗೂ ಅಪರಾಧವೇ. (ವೀಸಾದ ಮೇಲೆ ಇಲ್ಲಿಗೆ ಬರುವ ಮಕ್ಕಳಿಗೆ ಇದನ್ನು ದಯವಿಟ್ಟು ಹೇಳಿ, ಅಂಗಡಿಯಲ್ಲಿ ಸಿಗುತ್ತದೆ ಅಂತ ಮುಟ್ಟಬೇಡಿ.) ಆಗಿನ ಅಧ್ಯಕ್ಷ ಬೈಡನ್ 2022ರ ಅಕ್ಟೋಬರ್‌ನಲ್ಲಿ ಕ್ಷಮೆ ಕೊಟ್ಟರಲ್ವಾ, ಅದು ಸುಮ್ನೆ ಹತ್ತಿರ ಇಟ್ಟುಕೊಂಡವರಿಗೆ ಮಾತ್ರ. ಅದೊಂದೇ ಕಾರಣಕ್ಕೆ ಕೇಂದ್ರದ ಜೈಲಿನಲ್ಲಿ ಆಗ ಯಾರೂ ಇರಲಿಲ್ಲ. ಹಾಗಾಗಿ ಒಬ್ಬರೂ ಹೊರಗೆ ಬರಲಿಲ್ಲ. ಮಾರಿದವರಿಗೆ, ಸಾಗಿಸಿದವರಿಗೆ ಅದು ತಟ್ಟಲೇ ಇಲ್ಲ.

ನನ್ನ ಜೊತೆ ಕೆಲಸ ಮಾಡುವ ಒಬ್ಬರ ತಮ್ಮ ಕೇಂದ್ರದ ಜೈಲಿನಲ್ಲಿದ್ದಾನೆ. ಟ್ರಕ್ಕಿನಲ್ಲಿ ಗಾಂಜಾ ತಂದ ಕೇಸು. ಸಾವಿರ ಕಿಲೋ ದಾಟಿದರೆ ಕನಿಷ್ಠ 10 ವರ್ಷ, ಜಡ್ಜ್‌ಗೆ ಮನಸ್ಸಿದ್ದರೂ ಇಳಿಸುವುದು ಕಷ್ಟ. ಅವನು ತಪ್ಪೇ ಮಾಡಿಲ್ಲ ಅಂತ ಅಕ್ಕನೂ ಹೇಳುವುದಿಲ್ಲ. ಆದರೆ ಅದೇ ಮಾಲನ್ನು ಇವತ್ತು ಲೈಸೆನ್ಸ್ ಇಟ್ಟುಕೊಂಡವರು ಗೋದಾಮುಗಟ್ಟಲೆ ತುಂಬಿಸಿ ಮಾರುತ್ತಿರುವಾಗ ಇವನೊಬ್ಬ ಯಾಕೆ ಒಳಗೆ ಕೊಳೆಯಬೇಕು? ನನಗೆ ಇದು ನ್ಯಾಯ ಅನ್ನಿಸುವುದಿಲ್ಲ.

ಹೋದ ಭಾನುವಾರ ಅವರ ಅಡುಗೆಮನೆ ಟೇಬಲ್ ಮೇಲೆ ಕ್ಷಮಾದಾನದ ಅರ್ಜಿ ಹರಡಿಕೊಂಡು ಕೂತಿದ್ದೆವು. ಬಿಡುಗಡೆಯಾದ ಮೇಲೆ ಏನು ಕೆಲಸ ಮಾಡುತ್ತಾನೆ ಅಂತ ಬರೆಯಬೇಕಿತ್ತು. ಅಷ್ಟರಲ್ಲಿ ಅವನದೇ ಫೋನ್ ಬಂತು. ಅಲ್ಲಿಂದ ಒಂದು ಸಲಕ್ಕೆ 15 ನಿಮಿಷ ಮಾತ್ರ ಮಾತು. ಅಮ್ಮನ ಮಂಡಿನೋವು, ಮಗಳ ಶಾಲೆ ಅಂತ ಮಾತಾಡುತ್ತಲೇ ಲೈನ್ ಕಟ್ ಆಯಿತು. ಕೆಲಸದ ವಿಷಯ ಕೇಳುವುದು ಮರೆತೇ ಹೋಗಿತ್ತು. ಆ ಜಾಗ ಖಾಲಿ ಬಿಟ್ಟು ಮುಂದಿನ ಪುಟ ತಿರುವಿದೆವು.