ಬಸ್ ಬಂದಿದ್ದೇ ತಡ

ನಾನು ಬೆಂಗಳೂರಿನ ಬಸವನಗುಡಿಯ ಒಂದು ಸ್ಕೂಲಿನಿಂದ 1995ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಗಿನ್ನೂ ಬಿಎಂಟಿಸಿ ಇರಲಿಲ್ಲ, ಬಿಟಿಎಸ್ ಬಸ್ಸುಗಳ ಕಾಲ. ಇಂಗ್ಲಿಷ್ ಗ್ರಾಮರ್ ಅಂದರೆ ನಮಗೆ ಗೈಡ್ ಉರು ಹೊಡೆಯೋದು, ಅಷ್ಟೇ. 'ನೋ ಸೂನರ್' ಬಂದರೆ 'ದ್ಯಾನ್', 'ಹಾರ್ಡ್ಲಿ' ಬಂದರೆ 'ವೆನ್'. ಪರೀಕ್ಷೆ ಹಾಲಿಗೆ ಹೋಗುವಷ್ಟರಲ್ಲಿ ಅದಲು ಬದಲು.

ಒಂದು ದಿನ ನಮ್ಮ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದರು: ಬಸ್ ಬಂದಿದ್ದೇ ತಡ, ಜನ ನುಗ್ಗಿದರು. ಇಂಗ್ಲಿಷಿನಲ್ಲಿ ಹೇಳೋ ಅಂತ ನನ್ನನ್ನೇ ಎಬ್ಬಿಸಿದರು. 'ನೋ ಸೂನರ್ ದ ಬಸ್ ಕೇಮ್ ವೆನ್' ಅಂತ ಶುರು ಮಾಡಿದೆ. "ಗಣೇಶನ ಗುಡಿಯಿಂದ ಬರುವಾಗ ಒಂದು ಕಾಲಿಗೆ ಬೇರೆಯವರ ಚಪ್ಪಲಿ ಹಾಕ್ಕೊಂಡು ಬಂದಿದ್ದೀಯಲ್ಲೋ!" ಇಡೀ ಕ್ಲಾಸು ನಕ್ಕಿತು.

ಆಮೇಲೆ ಅವರು ಹೇಳಿದ್ದನ್ನು ಯಾವ ಗೈಡಿನಲ್ಲೂ ನಾನು ನೋಡಿರಲಿಲ್ಲ. 'ಸೂನ್' ಅಂದರೆ ಬೇಗ, 'ಸೂನರ್' ಅಂದರೆ ಇನ್ನೂ ಬೇಗ, ಯಾವುದಕ್ಕಿಂತ ಅಂತ ಕೇಳಬೇಕಲ್ವಾ, ಆ 'ಗಿಂತ' ಇದೆಯಲ್ಲ, ಅದೇ 'ದ್ಯಾನ್' ಕಣ್ರೋ ಅಂದರು. 'ಹಾರ್ಡ್ಲಿ'ಗೆ ನಮ್ಮಲ್ಲೇ ಮಾತಿದೆ: ಬಸ್ ಬಂದಿತ್ತೋ ಇಲ್ಲವೋ, ಅಷ್ಟರಲ್ಲಿ ಜನ ನುಗ್ಗಿದರು. ಆ 'ಅಷ್ಟರಲ್ಲಿ'ಯೇ 'ವೆನ್'. ಇನ್ನು 'ನೋ ಸೂನರ್' ಮೊದಲಲ್ಲೇ ಬಂದರೆ 'ದ ಬಸ್ ಕೇಮ್' ಅನ್ನೋ ಹಾಗಿಲ್ಲ, 'ಡಿಡ್ ದ ಬಸ್ ಕಮ್', ಪ್ರಶ್ನೆ ಕೇಳುವಾಗಿನ ಹಾಗೆ.

'ಈದರ್-ಆರ್' ಹೇಳಿಕೊಡೋಕೆ 'ಕಾಫಿನೋ ಟೀನೋ' ಅಂದರು. ಕನ್ನಡದಲ್ಲಿ ಎರಡಕ್ಕೂ ಒಂದೇ ಬಾಲ, ಓ ಮತ್ತು ಓ. ಇಂಗ್ಲಿಷಿನಲ್ಲಿ ಮುಂದೊಂದು ಪದ, ನಡುವೊಂದು ಪದ, ನಾವು ಎಡವೋದೇ ಅಲ್ಲಿ. 'ಆಲ್ದೋ' ಹಾಕಿದ ಮೇಲೂ 'ಬಟ್' ಹಾಕುವ ಚಟ ಮಾತ್ರ ನನಗೆ ಪಿಯುಸಿವರೆಗೂ ಬಿಡಲಿಲ್ಲ.

ಪ್ರಿಪರೇಟರಿಯಲ್ಲಿ 'ನೈದರ್ ದ ಡ್ರೈವರ್ ನಾರ್ ದ ಪ್ಯಾಸೆಂಜರ್ಸ್ ವಾಸ್ ಹರ್ಟ್' ಅಂತ ಬರೆದು ಅರ್ಧ ಮಾರ್ಕು ಕಳಕೊಂಡೆ. ಡ್ರೈವರ್ ಒಬ್ಬನೇ ತಾನೆ ಸಾರ್ ಅಂತ ಸ್ಟಾಫ್ ರೂಮಿಗೇ ಹೋಗಿ ವಾದ ಮಾಡಿದೆ. ಅವರು ಪೇಪರ್ ಮೇಲೆ ಕೆಂಪು ಪೆನ್ನು ಇಟ್ಟು, "ಕ್ರಿಯಾಪದದ ಪಕ್ಕ ಕೂತಿರೋದು ಯಾರು ನೋಡು" ಅಂದರು. ಪಕ್ಕದಲ್ಲಿದ್ದದ್ದು ಪ್ಯಾಸೆಂಜರ್ಸ್, ಹಾಗಾಗಿ 'ವರ್'. ಸರಿ, ಅರ್ಥವಾಯ್ತು, ಈಗಲಾದರೂ ಕೊಡಿ ಸಾರ್ ಅಂದೆ. ನಕ್ಕು ಒಂದು ಕಡಲೆಮಿಠಾಯಿ ಕೊಟ್ಟರು, ಅರ್ಧ ಮಾರ್ಕು ಕೊಡಲಿಲ್ಲ.